ನೂಲ ಹುಣ್ಣಿಮೆಗೆ 8 ಮೀಟರ್ ಕಮ್ಮಿ

ಈ ಸಲ ನೂಲ ಹುಣ್ಣಿಮೆಗೆ ನಾನೇ ನೂತ ಜನಿವಾರ ಹಾಕಿಕೊಳ್ಳುತ್ತೇನೆ ಅಂತ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅದೇ ಮೊದಲ ತಪ್ಪು. ಸಾರು ಬಡಿಸುತ್ತಿದ್ದ ಹೆಂಡತಿ ಸೌಟು ಅಲ್ಲೇ ನಿಲ್ಲಿಸಿ, "ಮೊದಲು ಅಂಗಿಯ ಗುಂಡಿ ಹೊಲಿಯಲಿಕ್ಕೆ ಕಲೀರಿ" ಎಂದಳು.

ನನಗೆ ನೂಲಲು ಬರುವುದಿಲ್ಲ ಅಂತಲ್ಲ. ಉಡುಪಿಯ ಹತ್ತಿರದ ನಮ್ಮ ಹಳೇ ಮನೆಯ ಚಾವಡಿಯಲ್ಲಿ ಅಪ್ಪ ದಿನಾ ಸಂಜೆ ತಕಲಿ ಹಿಡಿದು ಕೂರುತ್ತಿದ್ದರು. ಗೇಣುದ್ದದ ಕಬ್ಬಿಣದ ಕಡ್ಡಿ, ಬುಡಕ್ಕೆ ಹಿತ್ತಾಳೆ ಬಿಲ್ಲೆ, ತುದಿಗೆ ಸಣ್ಣ ಕೊಕ್ಕೆ. ಅದರ ಮೊನೆಯನ್ನು ತೆಂಗಿನ ಗೆರಟೆಯೊಳಗೆ ಊರಿ ಒಮ್ಮೆ ಚಿಮ್ಮಿದರೆ ಬುಗುರಿಯ ಹಾಗೆ ಗಿರ್ರನೆ ತಿರುಗುತ್ತಿತ್ತು. ಎಡಗೈಯ ಹತ್ತಿ ಸುರುಳಿಯಿಂದ, ಅಂದರೆ ಹಂಜಿಯಿಂದ, ನೂಲು ತಾನಾಗಿ ಇಳಿದು ಬರುತ್ತಿತ್ತು. ನೋಡಿ ನೋಡಿ ನಾನೂ ಕಲಿತೆ. ಒಂದು ಗಾಂಧಿ ಜಯಂತಿಗೆ ಶಾಲೆಯಲ್ಲಿ ಸೋಪಿನ ಡಬ್ಬಿ ಬಹುಮಾನವೂ ಬಂದಿತ್ತು. ಆಮೇಲೆ ಕೆಲಸ, ವರ್ಗಾವಣೆ, ಮಕ್ಕಳು. 42 ವರ್ಷ ತಕಲಿ ಅಟ್ಟದಲ್ಲೇ ಇತ್ತು.

ಇಳಿಸಿ ನೋಡಿದರೆ ಕಡ್ಡಿ ಪೂರ್ತಿ ತುಕ್ಕು. ನಮ್ಮೂರಿನ 42 ಮಳೆಗಾಲ ಕಂಡ ಕಬ್ಬಿಣ ಇನ್ನು ಹೇಗಿರುತ್ತದೆ? ತೆಂಗಿನೆಣ್ಣೆ ಹಚ್ಚಿ ಉಜ್ಜಿದೆ. ತುಕ್ಕು ಅರ್ಧ ಹೋಯಿತು, ಎಣ್ಣೆ ಪೂರ್ತಿ ಉಳಿಯಿತು. ಮೊದಲು ಬಂದ ನೂಲು ಚಹಾದ ಬಣ್ಣದ್ದು.

ಜನಿವಾರಕ್ಕೆ ನೂಲನ್ನು ನಾಲ್ಕು ಬೆರಳಿಗೆ 96 ಸುತ್ತು ಸುತ್ತಬೇಕು. ಗುಮಾಸ್ತಿಕೆಯ ಅಭ್ಯಾಸ ಬಿಟ್ಟಿಲ್ಲ ನೋಡಿ, ಟೇಪು ತಂದು ಬೆರಳು ಅಳೆದೆ. ಸುತ್ತಿಗೆ 20 ಸೆಂಟಿಮೀಟರ್, ಒಟ್ಟು 19 ಮೀಟರ್ ಚಿಲ್ಲರೆ. ಇಷ್ಟೇನಾ ಅಂತ ಅನ್ನಿಸಿತು. ಹಾಗೆ ಅನ್ನಿಸಿದ್ದು ಎರಡನೇ ತಪ್ಪು.

ಹಂಜಿಗೆ ಹತ್ತಿ ಬೇಕಲ್ಲ. ಜೋರು ಮಳೆ, ರಥಬೀದಿವರೆಗೆ ಹೋಗಲಿಕ್ಕೆ ಉದಾಸೀನ. ಮನೆ ಎದುರಿನ ಮೆಡಿಕಲ್‌ನಲ್ಲಿ ಒಂದು ಕಟ್ಟು ಹತ್ತಿ ಕೇಳಿದೆ. "ಯಾರಿಗೆ ಪೆಟ್ಟಾದ್ದು?" ಎಂದ ಹುಡುಗ. "ಜನಿವಾರಕ್ಕೆ" ಎಂದೆ. ಅವನು ಅಯೋಡಿನ್ ಬಾಟಲಿಯನ್ನೂ ಜೊತೆಗಿಟ್ಟ. ಗಾಯದ ಹತ್ತಿ ನೂಲಲಿಕ್ಕೆ ಒಗ್ಗುವುದಿಲ್ಲ ಅಂತ ಅರ್ಧ ದಿನ ಗುದ್ದಾಡಿದ ಮೇಲೆ ಗೊತ್ತಾಯಿತು. ರಕ್ತ ಹೀರಲಿ ಅಂತ ಅದರ ಮೇಣವನ್ನೆಲ್ಲ ತೆಗೆದಿರುತ್ತಾರೆ, ಎಳೆಗಳೂ ಗಿಡ್ಡ. ಎಳೆದರೆ ನೂಲು ಬರುವುದಿಲ್ಲ, ಹತ್ತಿಯೇ ಕಿತ್ತು ಬರುತ್ತದೆ.

ಆಗ ನೆನಪಾದದ್ದು ಅತ್ತೆಯ ಕಾಲದ ದಿಂಬು. ಒಳಗೆ ಅಪ್ಪಟ ಬೂರುಗದ ಹತ್ತಿ. ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಳು. ಮೂಲೆಯಲ್ಲಿ ಒಂದಿಷ್ಟು ಹೊಲಿಗೆ ಬಿಚ್ಚಿದೆ, ಕೈ ಹಾಕಿ ಒಂದು ಹಿಡಿ ತೆಗೆದೆ. ರೇಷ್ಮೆಯಂಥ ನುಣುಪು. ಆ ನುಣುಪೇ ಅದರ ದೋಷ. ಹತ್ತಿಯ ಎಳೆ ಹುಟ್ಟಾ ತಿರುಚಿಕೊಂಡಿರುತ್ತದೆ, ಹಾಗಾಗಿ ಒಂದಕ್ಕೊಂದು ಹಿಡಿಯುತ್ತದೆ. ಬೂರುಗದ್ದು ನೆಟ್ಟಗೆ, ಒಳಗೆ ಟೊಳ್ಳು, ಮೇಲೆ ಮೇಣ. ಅದು ನೀರಲ್ಲಿ ತೇಲುತ್ತದೆ ಅಂತ ಹಿಂದೆ ಹಡಗಿನವರ ಲೈಫ್ ಜಾಕೆಟ್ಟಿಗೆ ತುಂಬುತ್ತಿದ್ದರಂತೆ. ಗಾಳಿಯಲ್ಲೂ ತೇಲುತ್ತದೆ. ಇದನ್ನು ನಾನು ಕಂಡುಕೊಂಡದ್ದು ಸೆಕೆ ಅಂತ ಫ್ಯಾನ್ ಹಾಕಿದಾಗ.

ದಿಂಬಿನ ಬಾಯಿ ಮುಚ್ಚುವಷ್ಟರಲ್ಲಿ ಚಾವಡಿ ಬೆಳ್ಳಗೆ. ಕ್ಯಾಲೆಂಡರಿನ ಮೇಲೆ, ಒಣಗಲು ಹಾಕಿದ ಸೀರೆ ಮೇಲೆ, ಮುಚ್ಚದ ಹುಳಿಯ ಪಾತ್ರೆಯಲ್ಲಿ. ಬೆಕ್ಕು ಸೀನುತ್ತಾ ಮಂಚದಡಿ ಸೇರಿತು. ಕಿಟಕಿಯಿಂದ ಹಾರಿ ಬಂದದ್ದನ್ನು ನೋಡಿ ಪಕ್ಕದ ಮನೆಯವರು ಕೂಗಿದರು, "ಎಂತ ಭಟ್ರೇ, ಇವತ್ತು ಕೋಳಿ ಉಂಟಾ?"

ಅದೇ ಹೊತ್ತಿಗೆ ಹೆಂಡತಿ ಗೇಟು ತೆಗೆದಳು. ಮುಂದಿನದ್ದು ಬರೆಯುವುದಿಲ್ಲ.

ಮರುದಿನ ಮಳೆಯಲ್ಲೇ ರಥಬೀದಿಗೆ ಹೋಗಿ ಬತ್ತಿಗೆ ಮಾರುವ ಹತ್ತಿ ತಂದೆ. ಅಪ್ಪ ಬೆರಳು ಜಾರದಿರಲಿ ಅಂತ ಒಲೆಯ ಬೂದಿ ಮುಟ್ಟಿಕೊಳ್ಳುತ್ತಿದ್ದರು. ನಮ್ಮದು ಗ್ಯಾಸು, ಬೂದಿ ಎಲ್ಲಿಂದ? ಮೊಮ್ಮಗಳ ಪೌಡರ್ ಹಚ್ಚಿಕೊಂಡೆ. ನೂಲು ಬಂತು. ಆದರೆ ಎಂಥ ನೂಲು! ನೂಲಿನ ತಿರುಚು ಯಾವಾಗಲೂ ತೆಳು ಜಾಗಕ್ಕೇ ಓಡುತ್ತದೆ. ದಪ್ಪ ಜಾಗ ಊಟ ಮಾಡಿ ಮಲಗಿದ ನೆಂಟನ ಹಾಗೆ ಮೆತ್ತಗೆ ಬಿದ್ದುಕೊಂಡಿರುತ್ತದೆ. ಒಂದೇ ಮೊಳದಲ್ಲಿ ಗೋಣಿ ಹೊಲಿಯುವ ಹುರಿಯೂ ಉಂಟು, ಜೇಡನ ಬಲೆಯೂ ಉಂಟು. ಉಸಿರು ಬಿಟ್ಟರೆ ಕಡಿಯುತ್ತಿತ್ತು. ಗಂಟು ಹಾಕಿ ಹಾಕಿ ಹುಣ್ಣಿಮೆಯ ಮುಂಚಿನ ದಿನಕ್ಕೆ 11 ಮೀಟರ್ ಆಯಿತು. 8 ಮೀಟರ್ ಕಮ್ಮಿ. ರಾತ್ರಿ ಕೂತು ಮುಗಿಸುವ ಅಂತ ಉಂಡೆ ಸುತ್ತಿ ಅಡುಗೆಮನೆ ಕಿಟಕಿಯಲ್ಲಿಟ್ಟು ಸ್ವಲ್ಪ ಅಡ್ಡಾದೆ.

ಎದ್ದು ನೋಡಿದರೆ ಉಂಡೆ ಇಲ್ಲ.

"ಇಲ್ಲಿದ್ದ ನೂಲು ಎಲ್ಲಿ?"

"ಪತ್ರೊಡೆಯ ಎಲೆ ಸುರುಳಿ ಕಟ್ಟಿದೆ. ಬಾಳೆನಾರು ತರಲಿಕ್ಕೆ ಈ ಮಳೆಗೆ ಹಿತ್ತಿಲಿಗೆ ಯಾರು ಹೋಗ್ತಾರೆ?"

"ಅದು ಜನಿವಾರದ್ದಲ್ವಾ!"

"ಹಾಗಾದ್ರೆ ಮಡಿಯದ್ದೇ ಆಯ್ತಲ್ಲ."

ಮುಕ್ಕಾಲು ಗಂಟೆ ಹಬೆಯಲ್ಲಿ ಬೆಂದ ಪತ್ರೊಡೆ ಹೊರಗೆ ಬಂತು. ಒಂದೆಳೆ ಕಡಿದಿರಲಿಲ್ಲ! ಹತ್ತಿ ಒದ್ದೆಯಾದರೆ ಗಟ್ಟಿಯಾಗುತ್ತದೆ ಅಂತ ನನಗೆ ಗೊತ್ತಿತ್ತು, ನೂಲುವಾಗ ನೆನಪಾಗಲಿಲ್ಲ. ನನ್ನ ಗಂಟುಗಳಿಂದಾಗಿ ಸುರುಳಿ ಜಾರಿಯೂ ಇರಲಿಲ್ಲ. ಹೋಳು ಮಾಡಿ ಎಣ್ಣೆಯಲ್ಲಿ ಕಾಯಿಸಿ ಬಡಿಸಿದಳು. ಮೂರನೆಯ ಹೋಳಿನಲ್ಲಿ ಒಂದು ಗಂಟು ನನ್ನ ಹಲ್ಲಿಗೇ ಸಿಕ್ಕಿತು.

ಹುಣ್ಣಿಮೆಯ ದಿನ ಎಂದಿನ ಹಾಗೆ ಅಂಗಡಿಯ ಜನಿವಾರವೇ. ಉಪಾಕರ್ಮ ಮುಗಿಸಿ ಬಂದು ಶಲ್ಯ ಮಡಚುತ್ತಿದ್ದೆ. ಅಡುಗೆಮನೆಯಿಂದ ಸ್ವರ ಬಂತು, "ಪತ್ರೊಡೆಗೆ ಮರಕೆಸು ಇನ್ನೂ ನಾಲ್ಕು ಎಲೆ ಉಂಟು. ಭಾನುವಾರದೊಳಗೆ ಆ 8 ಮೀಟರ್ ಆಗಬಹುದಾ?"