ಕುಂದಾಪುರದಂಥ ಕಡಲೂರಿಗೆ ಯುಜಿಡಿ (ಒಳಚರಂಡಿ) ಬೇಕೇ?

ಪರ: ಬಾವಿ ಉಳಿಯಬೇಕಾದರೆ ಪಿಟ್ ಹೋಗಬೇಕು

ಆಷಾಢದ ಮಳೆ ಹಿಡಿದ ಮೇಲೆ ಊರಿನ ತಗ್ಗಿನ ಮನೆಗಳಲ್ಲಿ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ. ಕಟ್ಟೆಯ ಮೇಲಿಂದ ಬಗ್ಗಿ ಕೊಡಪಾನ ಅದ್ದಿದರೆ ಸಾಕು, ಹಗ್ಗ ಬೇಡ. ಕಣ್ತುಂಬುವ ಈ ನೀರು ನಾಲ್ಕು ಹೆಜ್ಜೆ ಆಚೆಯ ಶೌಚದ ಪಿಟ್ಟಿನೊಳಗೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ನಿಂತಿರುತ್ತದೆ, ಏಕೆಂದರೆ ನಡುವೆ ಇರುವುದು ಮರಳು ಮತ್ತು ತೂತುತೂತಾದ ಮುರಕಲ್ಲು ಮಾತ್ರ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕೆಂದು ಭಾರತೀಯ ಮಾನದಂಡ ಹೇಳುತ್ತದೆ. ಐದು ಸೆಂಟ್ಸ್ ಜಾಗ ಸರಿಯಾದ ಚೌಕವಾಗಿದ್ದರೂ ಅದರ ಒಂದು ಬದಿ 14 ಮೀಟರ್ ಚಿಲ್ಲರೆಯಷ್ಟೇ. ಬಾವಿಯನ್ನು ಒಂದು ಮೂಲೆಗೆ, ಪಿಟ್ಟನ್ನು ಎದುರು ಮೂಲೆಗೆ ಒತ್ತಿದರೆ ಮಾತ್ರ ಲೆಕ್ಕ ಕೂಡುತ್ತದೆ, ಆದರೆ ಆ ಮೂಲೆಯ ಗೋಡೆಯಾಚೆ ಪಕ್ಕದ ಮನೆಯವರ ಬಾವಿ ಇರುತ್ತದೆ. ನೀರನ್ನು ಕುದಿಸಿ ಕುಡಿಯಿರಿ ಎಂಬ ಸಲಹೆಯೂ ಅರ್ಧ ಪರಿಹಾರವೇ: ರೋಗಾಣು ಸಾಯುತ್ತದೆ, ಮಲಮೂತ್ರದಿಂದ ಬರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ.

ಸುಮಾರು 30 ಸಾವಿರ ಜನರ ಪಟ್ಟಣದಲ್ಲಿ ತಲಾ 135 ಲೀಟರ್ ಬಳಕೆಯಾಗಿ, ಅದರಲ್ಲಿ ಶೇ. 80ರಷ್ಟು ಕೊಳಚೆಯಾಗುತ್ತದೆಂದು ಹಿಡಿದರೂ ದಿನಕ್ಕೆ 32 ಲಕ್ಷ ಲೀಟರ್ ದಾಟುತ್ತದೆ. ಇದರಲ್ಲಿ ಬಚ್ಚಲು ಮತ್ತು ಅಡುಗೆಮನೆಯ ನೀರೇ ಹೆಚ್ಚು. ಅದು ಪಿಟ್ಟಿಗೂ ಹೋಗದೆ ಮಳೆನೀರಿನ ಚರಂಡಿ ಹಿಡಿದು, ಐದು ಹೊಳೆಗಳು ಕೂಡುವ ಪಂಚಗಂಗಾವಳಿಗೆ ಸೇರಿದರೆ, ಅಲ್ಲಿನ ಕಪ್ಪೆಚಿಪ್ಪು ಅದೇ ನೀರನ್ನು ಸೋಸಿ ಬದುಕುತ್ತದೆ. ಸೋಸಿದ ರೋಗಾಣು ಅದರ ಮೈಯಲ್ಲೇ ಉಳಿದು ನಮ್ಮ ಊಟದ ತಟ್ಟೆಗೆ ಬರುತ್ತದೆ. ಎಲ್ಲ ಕೊಳಚೆಯೂ ಒಳಚರಂಡಿಯ ಪೈಪಿನಲ್ಲಿ ಒಂದು ಶುದ್ಧೀಕರಣ ಘಟಕಕ್ಕೆ ಹೋದರೆ ಹೊರಬೀಳುವ ನೀರನ್ನು ಒಂದೇ ಕಡೆ ಅಳೆಯಬಹುದು, ತಪ್ಪಾದರೆ ಉತ್ತರ ಕೇಳಬಹುದು. ಸಾವಿರಾರು ಪಿಟ್‌ಗಳನ್ನು ಯಾರು ಅಳೆಯುತ್ತಾರೆ?

ವಿರೋಧ: ಹರಡಿದ ಕೊಳೆಯನ್ನು ಒಟ್ಟುಮಾಡಿ ಹೊಳೆಗೆ ಬಿಡುವುದು ಬೇಡ

ಪಿಟ್‌ಗಳ ಬಗೆಗಿನ ಆಕ್ಷೇಪ ನಿಜ. ಆದರೆ ಪೈಪು ಹಾಕಿದ ಊರುಗಳಲ್ಲಿ ಏನಾಯಿತು? ಉಡುಪಿಯ ಇಂದ್ರಾಣಿ ಹೊಳೆಗೂ ಭಟ್ಕಳದ ಶರಾಬಿ ಹೊಳೆಗೂ ಒಳಚರಂಡಿಯ ಕೊಳಚೆಯೇ ಸೇರಿ, ದಡದ ಮನೆಗಳವರು ತಮ್ಮ ಬಾವಿಯ ನೀರನ್ನು ಬಾಯಿಗೆ ಹಾಕಲಾರದೆ ವರ್ಷಗಟ್ಟಲೆ ದೂರುತ್ತಾ ಬಂದಿದ್ದಾರೆ.

ಇದಕ್ಕೆ ನೆಲದ ಗುಣವೂ ಕಾರಣ. ಕೊಳಚೆ ತಾನಾಗಿ ಹರಿಯಲು ಪೈಪಿಗೆ ಇಳಿಜಾರು ಬೇಕು. ಸಮತಟ್ಟಾದ ಕಡಲೂರಿನಲ್ಲಿ ಆ ಇಳಿಜಾರಿಗಾಗಿ ಅಗೆಯುತ್ತಾ ಹೋದರೆ ಪೈಪು ಅಂತರ್ಜಲದ ಒಳಗೇ ಮುಳುಗುತ್ತದೆ. ಮಳೆಗಾಲದಲ್ಲಿ ಪ್ರತಿಯೊಂದು ಜೋಡಣೆಯಿಂದಲೂ ಮ್ಯಾನ್‌ಹೋಲಿನಿಂದಲೂ ನೀರು ಒಳನುಗ್ಗಿ, ಘಟಕಕ್ಕೆ ಅದು ತಾಳುವುದಕ್ಕಿಂತ ಹೆಚ್ಚು ನೀರು ಬರುತ್ತದೆ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೊಚ್ಚಿಹೋಗುತ್ತದೆ. ತಗ್ಗಿನ ಕೊಳಚೆಯನ್ನು ಮೇಲೆತ್ತಲು ವೆಟ್‌ವೆಲ್ (ಕೊಳಚೆ ಕೂಡಿಟ್ಟು ಪಂಪಿನಿಂದ ಎತ್ತುವ ಬಾವಿ) ಬೇಕು, ಅದರ ಪಂಪಿಗೆ ಕರೆಂಟು ಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಊರಿಡೀ ಕೊಳಚೆ ವೆಟ್‌ವೆಲ್ ಪಕ್ಕದ ಮನೆಗಳ ಅಂಗಳಕ್ಕೆ ಉಕ್ಕುತ್ತದೆ. ಪಿಟ್ ಸೋರಿದರೆ ಎರಡು ಬಾವಿ ಕೆಡುತ್ತವೆ, ವೆಟ್‌ವೆಲ್ ಉಕ್ಕಿದರೆ ಒಂದು ಕೇರಿಯೇ ಕೆಡುತ್ತದೆ. ಆ ಕೇರಿ ಸಾಮಾನ್ಯವಾಗಿ ಹೊಳೆಬದಿಯ ಬಡವರದ್ದೇ ಆಗಿರುತ್ತದೆ ಎಂಬುದನ್ನು ಯೋಜನೆಯ ನಕ್ಷೆ ಹೇಳುವುದಿಲ್ಲ.

ಬೇರೆ ದಾರಿ ಇದೆ. ದೇವನಹಳ್ಳಿಯಲ್ಲಿ 2015ರಿಂದ ಪಿಟ್‌ಗಳ ಮಲವನ್ನು ಸಕ್ಕಿಂಗ್ ಲಾರಿಯಲ್ಲಿ ತಂದು ಒಣಗಿಸಿ ಗೊಬ್ಬರ ಮಾಡುವ ಘಟಕವಿದೆ. ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಬಯಲುಸೀಮೆಯ ಬಿಸಿಲು ನಮ್ಮಲ್ಲಿಲ್ಲ, ಮಲ ಹರಡಿ ಒಣಗಿಸುವ ಜಾಗಕ್ಕೆ ಮಾಡು ಹಾಕಲೇಬೇಕು. ತಳ ತೆರೆದ ಪಿಟ್‌ಗಳ ಬದಲಿಗೆ ಮುಚ್ಚಿದ ಟ್ಯಾಂಕು, ಎರಡು-ಮೂರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಖಾಲಿ ಮಾಡುವ ವ್ಯವಸ್ಥೆ, ಟ್ಯಾಂಕಿನಿಂದ ಹೊರಬರುವ ನೀರಿಗೂ ಬಚ್ಚಲು ನೀರಿಗೂ ಕೇರಿಗೊಂದು ಸಣ್ಣ ಘಟಕ, ವಸತಿಗೃಹ ಮತ್ತು ಫ್ಲ್ಯಾಟುಗಳಿಗೆ ಅವರದ್ದೇ ಸ್ವಂತ ಘಟಕ. ಇಷ್ಟನ್ನು ಮಾಡಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ಆಷಾಢದಲ್ಲಿ ಒಮ್ಮೆ ಪ್ರತಿ ಕೇರಿಯ ಹತ್ತು ಬಾವಿಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪುರಸಭೆಯ ಗೋಡೆಗೆ ಅಂಟಿಸಲಿ. ಎರಡು ಮಳೆಗಾಲ ಕಳೆದರೂ ಬಾವಿ ತಿಳಿಯಾಗದಿದ್ದರೆ ಆಗ ರಸ್ತೆ ಅಗೆಯಲು ನಾವೇ ಒಪ್ಪುತ್ತೇವೆ.