ಆಟದ ಮೇಜಿಗೆ ಲೋಹದ ಮಿನಿಯೇಚರ್ ಈಗಲೂ ಮೇಲಾ?

ಪರ: ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿ

ನನ್ನ ಮೇಜಿನ ಮೇಲೆ ಒಬ್ಬ ಬಿಲ್ಲುಗಾರ ನಿಂತಿದ್ದಾನೆ. ಮೇಜಿನ ಮೇಲೆ ಆಡುವ ಯುದ್ಧದ ಆಟಗಳಿಗೆ ಬಳಸುವ ಮಿನಿಯೇಚರ್, ಅಂದರೆ ಪುಟ್ಟ ಗೊಂಬೆ. 28 ಎಂಎಂ ಅಳತೆಯ ಲೋಹದ್ದು, ಬೆಂಕಿಕಡ್ಡಿಗಿಂತ ಗಿಡ್ಡ. ಇವನಿಗೆ ಇಲ್ಲಿಯವರೆಗೆ ಮೂರು ಸಲ ಬಣ್ಣ ಹಚ್ಚಿದ್ದೇನೆ. ಮೊದಲ ಸಲ ನನಗೆ ಏನೂ ಗೊತ್ತಿರಲಿಲ್ಲ. ಬಣ್ಣ ಎಷ್ಟು ದಪ್ಪ ಬಳಿದಿದ್ದೆ ಅಂದರೆ ಮೂಗು, ಬಾಯಿ ಎರಡೂ ಮುಚ್ಚಿಹೋಗಿದ್ದವು. ಎಷ್ಟೋ ವರ್ಷದ ಮೇಲೆ ಅವನನ್ನು ಒಂದು ರಾತ್ರಿ ಅಸಿಟೋನಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಹಳೇ ಟೂತ್‌ಬ್ರಶ್ ಹಿಡಿದು ಉಜ್ಜಿದರೆ ಬಣ್ಣವೆಲ್ಲ ಸಿಪ್ಪೆ ಸುಲಿದ ಹಾಗೆ ಬಂತು. ಕೆಳಗೆ ಬೆಲ್ಟಿನ ಬಕಲ್ಲು, ಬತ್ತಳಿಕೆಯ ಹೊಲಿಗೆ, ಹುಬ್ಬಿನ ಗಂಟು ಎಲ್ಲ ಹಾಗೇ ಇದ್ದವು. ಪ್ಲಾಸ್ಟಿಕ್ ಗೊಂಬೆಯನ್ನು ಅಸಿಟೋನಿಗೆ ಹಾಕಿದ್ದರೆ ಬೆಳಿಗ್ಗೆ ಸಿಗುತ್ತಿದ್ದದ್ದು ಅಂಟು ಮುದ್ದೆ.

ಗುಣಮಟ್ಟ ಅಂದ ಕೂಡಲೇ ಜನ ಡಬ್ಬಿ ತೆರೆದ ದಿನದ ಮಾತಾಡುತ್ತಾರೆ. ನಾನು ಕೇಳುವುದು ಬೇರೆ. ಇದು ಎಷ್ಟು ದಿನ ಬಾಳುತ್ತದೆ? ಬಿದ್ದರೆ ಏನಾಗುತ್ತದೆ? ಲೋಹದ ಈಟಿ ಬಿದ್ದರೆ ಬಾಗುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮತ್ತೆ ನೆಟ್ಟಗಾಗುತ್ತದೆ. ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿಮಾಡುವ ರಾಳದಂಥ ವಸ್ತು) ಈಟಿ ಪಟ್ಟಂತ ಮುರಿಯುತ್ತದೆ, ಆ ಚೂರು ನೆಲದಲ್ಲಿ ಹುಡುಕಿದರೂ ಸಿಗುವುದಿಲ್ಲ. ಲೋಹವನ್ನು ಒಂದೇ ಜಾಗದಲ್ಲಿ ಪದೇಪದೇ ಬಾಗಿಸಿದರೆ ಅದೂ ಮುರಿಯುತ್ತದೆ, ನಿಜ. ಆದರೆ ಅಷ್ಟರೊಳಗೆ ಅದು ಎಷ್ಟೋ ಆಟ ಆಡಿರುತ್ತದೆ.

ಇಷ್ಟಕ್ಕೂ ಈ ಲೋಹ ಅಂದರೆ ಏನು? ಹೆಚ್ಚಿನ ಪಾಲು ತವರ. ಗಟ್ಟಿಯಾಗಲಿ ಅಂತ ಸ್ವಲ್ಪ ಆಂಟಿಮನಿ, ಕೆಲವರು ಬಿಸ್ಮತ್ ಕೂಡ ಸೇರಿಸುತ್ತಾರೆ. ಹಿಂದೆ ಸೀಸವೂ ಇರುತ್ತಿತ್ತು. ಅಮೆರಿಕದಲ್ಲಿ ಸೀಸದ ಬಗ್ಗೆ ತಕರಾರು ಎದ್ದಾಗ ಇಂಥ ಗೊಂಬೆ ಮಾಡುವ ರಾಲ್ ಪಾರ್ಥಾ ಕಂಪನಿ 1993ರಲ್ಲಿ ರಾಲಿಡಿಯಂ ಅನ್ನುವ ಸೀಸವಿಲ್ಲದ ಮಿಶ್ರಲೋಹ ತಂದಿತು. ಆಮೇಲೆ ಉಳಿದವರೂ ನಿಧಾನಕ್ಕೆ ಸೀಸ ಬಿಟ್ಟರು. ಅದಾದ ಮೇಲೆ ಬಂದ ಗೊಂಬೆಗಳು ಮೊದಲಿಗಿಂತ ಗಟ್ಟಿ.

ಇನ್ನು ಅಚ್ಚಿನ ವಿಷಯ. ಲೋಹದ ಗೊಂಬೆ ಹುಟ್ಟುವುದು ರಬ್ಬರ್ ಅಚ್ಚಿನಲ್ಲಿ. ತವರ ಬರೀ 232 ಡಿಗ್ರಿಗೆ ಕರಗುತ್ತದೆ, ಆ ಶಾಖವನ್ನು ರಬ್ಬರ್ ತಡೆಯುತ್ತದೆ. ಪ್ಲಾಸ್ಟಿಕ್ಕಿಗೆ ಬೇಕಾಗುವುದು ಉಕ್ಕಿನ ಅಚ್ಚು. ಉಕ್ಕು ಬಾಗುವುದಿಲ್ಲ. ಹಾಗಾಗಿ ತೋಳಿನ ಕೆಳಗೆ ಒಳಕ್ಕೆ ಹೋದ ನಿಲುವಂಗಿಯ ಮಡಿಕೆ ಇದ್ದರೆ ಅಚ್ಚಿನಿಂದ ಗೊಂಬೆ ಹೊರಗೇ ಬರುವುದಿಲ್ಲ. ಆಗ ಒಂದೋ ಆ ಮಡಿಕೆಯನ್ನು ತುಂಬಿಬಿಡಬೇಕು, ಇಲ್ಲ ಗೊಂಬೆಯನ್ನು ಐದಾರು ತುಂಡು ಮಾಡಬೇಕು. ರಬ್ಬರ್ ಬಾಗುತ್ತದೆ. ಗೊಂಬೆಯನ್ನು ಅಚ್ಚಿನಿಂದ ಬಿಡಿಸುವಾಗ ಸ್ವಲ್ಪ ಅಗಲಿಸಿದರೆ ಸಾಕು, ಮಡಿಕೆ ಆಳವಾಗಿಯೇ ಉಳಿಯುತ್ತದೆ. ನನ್ನ ಬಿಲ್ಲುಗಾರ ಒಂದೇ ತುಂಡು. ಅವನ ಕಂಕುಳಿನ ಕೆಳಗೆ ಕಪ್ಪು ಶಾಯಿಯಂಥ ತೆಳು ಬಣ್ಣ ಬಿಟ್ಟರೆ ತಾನಾಗಿಯೇ ಒಳಕ್ಕೆ ಇಳಿದು ನೆರಳಾಗಿ ನಿಲ್ಲುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ರಬ್ಬರ್ ಅಚ್ಚಿಗೆ ಖರ್ಚೂ ಕಡಿಮೆ. ಅದರಿಂದಲೇ ಒಬ್ಬ ಶಿಲ್ಪಿ, ಒಂದು ಎರಕದ ಯಂತ್ರ ಇಷ್ಟರಲ್ಲೇ ಒಂದು ಕಂಪನಿ ನಡೆಯುತ್ತದೆ. ಯಾರಿಗೂ ಬೇಡವಾದ ಒಂದು ಹಳೇ ಯುದ್ಧದ ಕಹಳೆಯವನು ಬೇಕು ಅಂದರೆ ಅವನು ಸಿಗುವುದು ಲೋಹದಲ್ಲಿಯೇ. ಉಕ್ಕಿನ ಅಚ್ಚು ಕೊರೆಸುವವರು ಸಾವಿರಗಟ್ಟಲೆ ಮಾರಾಟ ಆಗುವುದನ್ನಷ್ಟೇ ಮಾಡುತ್ತಾರೆ, ಅಲ್ವಾ?

ತೂಕದ ಬಗ್ಗೆಯೂ ಒಂದು ಮಾತು. ಒಂದು ಘನ ಸೆಂಟಿಮೀಟರ್ ತವರ 7.3 ಗ್ರಾಂ ತೂಗುತ್ತದೆ, ಪ್ಲಾಸ್ಟಿಕ್ ಗೊಂಬೆ ಮಾಡುವ ಪಾಲಿಸ್ಟೈರೀನ್ ಅಷ್ಟೇ ಇದ್ದರೆ ಒಂದು ಗ್ರಾಮಿಗಿಂತ ಚೂರು ಜಾಸ್ತಿ. ದಾಳ ಉರುಳಿ ಬಂದು ತಾಗಿದರೂ ನನ್ನ ಬಿಲ್ಲುಗಾರ ಅಲುಗುವುದಿಲ್ಲ.

ವಿರೋಧ: ಒಂದೇ ಅಚ್ಚು, ಹತ್ತು ಥರದ ಮುಖ

ನಾನು ಒಮ್ಮೆ ಲೋಹದ ಹತ್ತು ಈಟಿಗಾರರನ್ನು ತರಿಸಿದ್ದೆ. ಫೋಟೋದಲ್ಲಿ ನೋಡಿ ಮನಸೋತಿದ್ದೆ. ಬಂದ ಹತ್ತರಲ್ಲಿ ಆರು ಚೆನ್ನಾಗಿದ್ದವು. ಒಬ್ಬನಿಗೆ ಈಟಿಯ ತುದಿಯೇ ಇರಲಿಲ್ಲ, ಲೋಹ ಅಲ್ಲಿಯವರೆಗೆ ಹೋಗಿರಲಿಲ್ಲ. ಇಬ್ಬರ ಮುಖ ಸವೆದ ನಾಣ್ಯದ ಹಾಗೆ ಮಸುಕಾಗಿತ್ತು. ಇನ್ನೊಬ್ಬನಿಗೆ ಅಚ್ಚಿನ ಎರಡು ಭಾಗ ಸರಿಯಾಗಿ ಕೂತಿರಲಿಲ್ಲ. ಎಡಗಡೆಯ ಕಿವಿಗಿಂತ ಬಲಗಡೆಯದು ಮೇಲಿತ್ತು. ಹಣೆಯಿಂದ ಗಲ್ಲದವರೆಗೆ ಒಂದು ಮೆಟ್ಟಿಲು.

ಇದನ್ನು ಬರೀ ನನ್ನ ದುರದೃಷ್ಟ ಅನ್ನಲಾರೆ. ರಬ್ಬರ್ ಅಚ್ಚಿನ ಗುಣವೇ ಇದು. ದುಂಡನೆಯ ಅಚ್ಚನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸುತ್ತಾರೆ, ನಡುವಿಗೆ ಕರಗಿದ ಲೋಹ ಹೊಯ್ಯುತ್ತಾರೆ. ತಿರುಗುವ ರಭಸಕ್ಕೆ ಲೋಹ ಅಂಚಿಗೆ ನುಗ್ಗುತ್ತದೆ. ಅಚ್ಚು ತಣ್ಣಗಿದ್ದರೆ ಸಣ್ಣ ತುದಿಗಳು ತುಂಬುವುದಿಲ್ಲ. ಅಚ್ಚನ್ನು ಬಿಗಿಯಾಗಿ ಒತ್ತದಿದ್ದರೆ ಸಂದಿಯಿಂದ ಲೋಹ ಹೊರಬಂದು ತೆಳು ರೆಕ್ಕೆಯ ಹಾಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲದ ಬಿಸಿಗೆ ರಬ್ಬರ್ ಸ್ವಲ್ಪ ಸ್ವಲ್ಪ ಸುಟ್ಟು ಬಿರುಕು ಬಿಡುತ್ತದೆ. ಕೆಲವು ನೂರು ಸಲ ಎರಕ ಹೊಯ್ಯುವಷ್ಟರಲ್ಲಿ ಆ ಅಚ್ಚಿನ ಕಥೆ ಮುಗಿದ ಹಾಗೆ. ನಿಮಗೆ ಸಿಕ್ಕಿದ್ದು ಹತ್ತನೆಯದೋ ಕೊನೆಯದೋ, ಡಬ್ಬಿ ಮೇಲೆ ಬರೆದಿರುವುದಿಲ್ಲ.

ಇನ್ನೂ ಒಂದು ಇದೆ. ಶಿಲ್ಪಿ ಹಸಿರು ಎಪಾಕ್ಸಿಯಲ್ಲಿ (ಆಮೇಲೆ ಗಟ್ಟಿಯಾಗುವ ಕಣಕದಂಥ ವಸ್ತು) ತಿದ್ದಿದ ಮೂಲ ಗೊಂಬೆಯಿಂದ ಸಾಮಾನ್ಯವಾಗಿ ಮೊದಲು ಒಂದು ಅಚ್ಚು ಮಾಡುತ್ತಾರೆ. ಅದರಿಂದ ಲೋಹದ ಮಾದರಿಗಳು ಬರುತ್ತವೆ, ಆ ಮಾದರಿಗಳಿಂದ ಮಾರಾಟದ ಅಚ್ಚು. ಅಂದರೆ ನಮ್ಮ ಕೈ ಸೇರುವುದು ನಕಲಿನ ನಕಲು. ಪ್ರತಿ ಹಂತದಲ್ಲೂ ಗೊಂಬೆ ಕೂದಲೆಳೆಯಷ್ಟು ಕುಗ್ಗುತ್ತದೆ, ಅಂಚು ಸ್ವಲ್ಪ ಮೊಂಡಾಗುತ್ತದೆ. ಉಕ್ಕಿನ ಅಚ್ಚು ಹೀಗೆ ಬೇಗ ಸವೆಯುವುದಿಲ್ಲ. ಅದರಿಂದ ಬರುವ ಸಾವಿರದ ಗೊಂಬೆಯ ಮುಖವೂ ಮೊದಲನೆಯದರ ಹಾಗೇ ಇರುತ್ತದೆ. ಗುಣಮಟ್ಟ ಅಂದರೆ ನನ್ನ ಮಟ್ಟಿಗೆ ಅದು.

ಒಳಕ್ಕೆ ಹೋದ ಮಡಿಕೆ ಲೋಹದಲ್ಲಿ ಚೆನ್ನ, ಒಪ್ಪುತ್ತೇನೆ. ಆದರೆ ಅಚ್ಚಿನ ಎರಡು ಭಾಗ ಸೇರುವಲ್ಲಿ ಗೊಂಬೆಯ ಮೇಲೆ ಮೂಡುವ ಗೆರೆ ತೆಗೆಯುವ ಕೆಲಸ ಯಾರು ಮಾಡಬೇಕು? ಪ್ಲಾಸ್ಟಿಕ್ಕಿನಲ್ಲಿ ಚಾಕುವಿನ ಬೆನ್ನಿನಿಂದ ಎರಡು ಸಲ ಕೆರೆದರೆ ಆಯಿತು. ಲೋಹಕ್ಕೆ ಅರ ಬೇಕು. ಆ ಗೆರೆ ಸರಪಳಿ ಅಂಗಿಯ ಮೇಲೆ ಹಾದುಹೋಗಿದ್ದರೆ ಗೆರೆಯ ಜೊತೆ ಉಂಗುರಗಳೂ ಉಜ್ಜಿ ಹೋಗುತ್ತವೆ. ಬಣ್ಣ ಹಚ್ಚಿದ ಮೇಲೆ ಅಲ್ಲಿ ಬೋಳು ಪಟ್ಟಿ ಕಾಣುತ್ತದೆ.

ದೊಡ್ಡ ಗೊಂಬೆಗಳಲ್ಲಿ ಕಷ್ಟ ಇನ್ನೂ ಜಾಸ್ತಿ. ಲೋಹದ ಡ್ರ್ಯಾಗನ್ ಒಂದರ ರೆಕ್ಕೆ ಕೂಡಿಸಲು ನನಗೆ ಎರಡು ಸಂಜೆ ಹಿಡಿಯಿತು. ಸೂಪರ್‌ಗ್ಲೂ ಒಂದೇ ಸಾಲದು, ಸಣ್ಣ ಹೊಡೆತಕ್ಕೂ ಬಿಟ್ಟುಕೊಳ್ಳುತ್ತದೆ. ಎರಡೂ ಕಡೆ ಒಂದು ಎಂಎಂ ತೂತು ಕೊರೆದು, ತಂತಿ ಚುಚ್ಚಿ, ಸಂದಿಗೆ ಎಪಾಕ್ಸಿ ತುಂಬಬೇಕು. ತೂತು ಸ್ವಲ್ಪ ಓರೆಯಾದರೆ ರೆಕ್ಕೆಯೂ ಓರೆ. ಪ್ಲಾಸ್ಟಿಕ್ ಗೊಂಬೆಗೆ ಹಚ್ಚುವ ಪ್ಲಾಸ್ಟಿಕ್ ಸಿಮೆಂಟ್ ಅನ್ನುವ ಅಂಟು ಹಾಗಲ್ಲ. ಎರಡೂ ಅಂಚನ್ನು ಕರಗಿಸಿ ಒಂದೇ ತುಂಡು ಮಾಡಿಬಿಡುತ್ತದೆ. ತೂಕವೂ ಲೋಹಕ್ಕೆ ಶತ್ರುವೇ. ಮೇಜಿನಿಂದ ಬಿದ್ದ ಪ್ಲಾಸ್ಟಿಕ್ ಗೊಂಬೆಯನ್ನು ಎತ್ತಿ ಮತ್ತೆ ನಿಲ್ಲಿಸಿದರೆ ಸಾಮಾನ್ಯವಾಗಿ ಆಯಿತು. ಭಾರದ ಲೋಹದ ಗೊಂಬೆ ಬಿದ್ದರೆ ಮೂಗಿನ ತುದಿ, ಮೊಣಕೈ, ಕತ್ತಿಯ ಅಂಚು ಎಲ್ಲ ಕಡೆ ಬಣ್ಣ ಹಾರಿ ಬೆಳ್ಳಿ ಕಾಣುತ್ತದೆ. ಬಾಗಿದ ಈಟಿಯನ್ನು ನೆಟ್ಟಗೆ ಮಾಡಬಹುದು ಅನ್ನುತ್ತಾರಲ್ಲ, ಅದರ ಮೇಲಿನ ಬಣ್ಣ ಬಿರುಕು ಬಿಟ್ಟಿರುತ್ತದೆ.

ಬಣ್ಣ ತೆಗೆಯಲು ಅಸಿಟೋನೇ ಆಗಬೇಕೆಂದೇನೂ ಇಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದರೆ ಪಾಲಿಸ್ಟೈರೀನ್ ಕರಗದೆ ಅಕ್ರಿಲಿಕ್ ಬಣ್ಣ ಬಿಡುತ್ತದೆ.

ಇನ್ನು ಬಾಳಿಕೆಯ ಮಾತು. ಸೀಸ ಜಾಸ್ತಿ ಇರುವ ಹಳೇ ಗೊಂಬೆಗಳನ್ನು ಮರದ ಕಪಾಟಿನಲ್ಲಿ ಮುಚ್ಚಿಟ್ಟವರನ್ನು ಕೇಳಿ. ಓಕ್‌ನಂಥ ಮರದಿಂದ ಹೊರಡುವ ಆಮ್ಲದ ಆವಿ ತಾಗಿ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಅದು ವಿಷದ ಪುಡಿ. ಅದು ತಿಂದುಹಾಕಿದ ಮುಖ ಮತ್ತೆ ಬರುವುದಿಲ್ಲ. ಹೊಸ ತವರಕ್ಕೆ ಈ ಭಯ ಇಲ್ಲ ನಿಜ, ಆದರೆ ಸಂಗ್ರಹಕಾರರು ಕೊಂಡಾಡುವುದು ಹೆಚ್ಚಾಗಿ ಆ ಹಳೇ ಗೊಂಬೆಗಳನ್ನೇ.

ನನ್ನ ಆರು ಈಟಿಗಾರರಿಗೆ ಬಣ್ಣ ಹಚ್ಚಿ ಆಟಕ್ಕೆ ಇಳಿಸಿದೆ. ತುದಿ ಇಲ್ಲದವನಿಗೆ ತಂತಿ ತಟ್ಟಿ ಹೊಸ ಈಟಿ ಮಾಡಿಕೊಟ್ಟೆ. ಉಳಿದ ಮೂವರು ಇನ್ನೂ ಡಬ್ಬಿಯಲ್ಲೇ ಇದ್ದಾರೆ. ಮುಖವೇ ಸರಿಯಿಲ್ಲದವನಿಗೆ ಕಣ್ಣು ಎಲ್ಲಿ ಬರೆಯಲಿ?