ಆಯಿಲ್ ಎಷ್ಟು ಹಾಕಬೇಕು ಸ್ವಾಮಿ?

ನನ್ನ ಹಳೇ ಲ್ಯಾಂಬ್ರೆಟ್ಟಾ 150 ಸ್ಕೂಟರ್ ಮೇಲೆ ನನಗೆ ಬೇಜಾರಿಲ್ಲ. ಮಿಲಾನಿನಲ್ಲಿ ಹುಟ್ಟಿದ ಗಾಡಿ. ಅಲ್ಲಿನ ಕಾರ್ಖಾನೆಯ ಯಂತ್ರಗಳೇ 1970ರ ದಶಕದಲ್ಲಿ ಲಖನೌಗೆ ಬಂದವು, ಹಾಗಾಗಿ ಪಾರ್ಟ್ಸ್ ಹೇಗೋ ಸಿಗುತ್ತವೆ. ಆದರೆ ಟೂ-ಸ್ಟ್ರೋಕ್ ಅಲ್ವಾ, ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಕುಡಿಸಬೇಕು. ತಾಪತ್ರಯ ಅಲ್ಲೇ.

ಮೊದಲು ಬಂಕಿನಲ್ಲೇ ಈ ಟೂ-ಸ್ಟ್ರೋಕ್ ಆಯಿಲ್ (2T) ಅಳೆದು ಹಾಕುತ್ತಿದ್ದರು. ಈಗ ಕೇಳಿದರೆ ಹುಡುಗ ನನ್ನನ್ನೇ ಮೇಲೆ ಕೆಳಗೆ ನೋಡುತ್ತಾನೆ. ಬಾಟಲಿ, ಅಳತೆ ಲೋಟ ನಾನೇ ಹೊತ್ತುಕೊಂಡು ಹೋಗಬೇಕು. ಸೀಟೆತ್ತಿ ಸುರಿಯುವಷ್ಟರಲ್ಲಿ ಹಿಂದಿನ ಆಟೋದವನ ಹಾರ್ನ್ ಶುರು.

ಇನ್ನು ನಮ್ಮ ಭಾನುವಾರದ ಸ್ಕೂಟರ್ ಗೆಳೆಯರು. ಈಗಿನ ಆಯಿಲ್ ಒಳ್ಳೆಯದು, ಲೀಟರಿಗೆ 20 ಎಂಎಲ್ ಸಾಕು ಅಂತ ಒಬ್ಬರು. "ಪಿಸ್ಟನ್ ಹಿಡ್ಕೊಂಡ್ರೆ ನೀವು ಕೊಡಿಸ್ತೀರಾ? 40 ಹಾಕ್ರೀ" ಅಂತ ಇನ್ನೊಬ್ಬರು. ನಾನು ಸುಮ್ನೆ 30 ಹಾಕಿದೆ. ಈಗ ಇಬ್ಬರಿಗೂ ನನ್ನ ಮೇಲೆ ಸಿಟ್ಟು!

ಸಾಲದು ಅಂತ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬೇರೆ. ಹಳೇ ರಬ್ಬರ್ ಪೈಪು ಉಬ್ಬಿ ಮೆತ್ತಗಾಗಿದೆ.

ನಿನ್ನೆ ಮಸಿ ಹಿಡಿದ ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜುತ್ತಾ ಕೂತಿದ್ದೆ. ಪಕ್ಕದ ಮನೆಯವರು ಬಂದು, "ಒಂದು ಎಲೆಕ್ಟ್ರಿಕ್ ತಗೋಬಾರ್ದಾ ಸಾರ್?" ಅಂದರು. ಕೈಯಲ್ಲಿ ಸ್ಪ್ಯಾನರ್ ಇತ್ತು. ತಡೆದುಕೊಂಡೆ.